ಟಿಕ್ ಟಿಕ್ ಎಂದು ವಾಪಸು ಬಂದ ಪೆಟ್ಟಿಗೆಗಳು

ಹಿತ್ತಲಿನ ಕಲ್ಲಿನ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. ಹಿತಕಬೇಳೆ ಸಾರು ತಿನ್ನಲು ಮನೆಯವರಿಗೆಲ್ಲ ಆಸೆ, ಹಿಸುಕಲು ಮಾತ್ರ ನಾನೊಬ್ಬಳೇ. ಪಾತ್ರೆ ಅರ್ಧವೂ ತುಂಬಿರಲಿಲ್ಲ, ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ತಲೆ ಹಾಕಿದರು.

"ಅಕ್ಕಾ, ನಿಮ್ಮೆಜಮಾನ್ರು ಫೋನ್ ಮಾಡವ್ರೆ. ಲೈನಲ್ಲೇ ಅವ್ರೆ, ಬೇಗ ಬನ್ನಿ."

ಆಗ ನಮ್ಮ ಬೀದಿಗೆಲ್ಲ ಇದ್ದದ್ದು ಅವರ ಮನೆಯದೊಂದೇ ಫೋನು. ಸೆರಗಿಗೆ ಕೈ ಒರೆಸಿಕೊಂಡು ಓಡಿದೆ. ಬೆಳಿಗ್ಗೆ ಬೆಂಗಳೂರಿಗೆ ಹೋಗಿದ್ದ ನಮ್ಮ ಯಜಮಾನರ ದನಿ ಬಾವಿಯೊಳಗಿಂದ ಬಂದಂತಿತ್ತು.

"ಎಲ್ಲಾ ವಾಪಸ್ ಬರ್ತಿದೆ ಕಣೇ. ಟೆಂಪೋಲಿ ಹಾಕ್ಕೊಂಡು ಬರ್ತಿದೀನಿ. ಶೆಡ್ಡಲ್ಲಿ ಮೇಜೆಲ್ಲ ಖಾಲಿ ಮಾಡಿಡು."

"ಎಲ್ಲಾ ಅಂದ್ರೆ ಎಷ್ಟು ರೀ?"

"ಎಲ್ಲಾ ಅಂದ್ರೆ ಎಲ್ಲಾ," ಎಂದು ಫೋನ್ ಇಟ್ಟುಬಿಟ್ಟರು. ಮನೆಯಲ್ಲಿ ಕೂತವಳಿಗೆ ವಿಷಯ ಪೂರ್ತಿ ಹೇಳುವ ಅಭ್ಯಾಸ ಅವರಿಗೆ ಇವತ್ತಿಗೂ ಇಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಮಾವನವರು ತೀರಿಕೊಂಡ ಮೇಲೆ ಇವರು ಶೆಡ್ಡಿನಲ್ಲಿದ್ದ ಎರಡೂ ಪವರ್‌ಲೂಮುಗಳನ್ನು ಮಾರಿಬಿಟ್ಟು, ಆ ಜಾಗದಲ್ಲಿ ಮೇಜು ಹಾಕಿ ಪವರ್ ಸಪ್ಲೈ ಪೆಟ್ಟಿಗೆ ಮಾಡುವ ಕೆಲಸ ಹಿಡಿದಿದ್ದರು. ಗೋಡೆಯ ಕರೆಂಟನ್ನು ಯಂತ್ರಗಳಿಗೆ ಬೇಕಾದ ಸಣ್ಣ ಕರೆಂಟಾಗಿ ಬದಲಿಸಿಕೊಡುವ ಪೆಟ್ಟಿಗೆಗಳು ಅವು. ಬೆಂಗಳೂರಿನ ಒಂದು ಕಾರ್ಖಾನೆಯವರು ಸಾಮಾನು ಕೊಡುತ್ತಿದ್ದರು, ನಾವು ಜೋಡಿಸಿ ಕೊಡುತ್ತಿದ್ದೆವು. ನೆಂಟರೆಲ್ಲ ನಕ್ಕಿದ್ದರು. "ರೇಷ್ಮೆ ಬಿಟ್ಟು ತಂತಿ ಹಿಡಿದವನೆ ನೋಡು," ಎಂದು ಇವರ ದೊಡ್ಡಪ್ಪನ ಮಗ ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತು ಹೇಳಿದ್ದು ನನ್ನ ಎಲೆಯವರೆಗೂ ಕೇಳಿಸಿತ್ತು. ಈ ಕೆಲಸ ಕೈಬಿಟ್ಟರೆ ಅದೇ ದೊಡ್ಡಪ್ಪನ ಮಗನ ಶೆಡ್ಡಿನಲ್ಲಿ ಕೂಲಿಗೆ ಮಗ್ಗ ಓಡಿಸುವುದೇ ಗತಿ. ಅದು ನಮ್ಮೆಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಟೆಂಪೋ ಬಂತು. ಇವರ ಮುಖ ನೋಡಿ ನಾನು ಮೊದಲು ನೀರು ಕೊಟ್ಟೆ, ಆಮೇಲೆ ಕೇಳಿದೆ.

"ಆನ್ ಮಾಡಿದ್ರೆ ಕೆಲವು ಓಡ್ತವೆ, ಕೆಲವು ಟಿಕ್ ಟಿಕ್ ಅಂತವೆ. ಓಡೋದೂ ಇದ್ದಕ್ಕಿದ್ದಂಗೆ ನಿಂತು ಟಿಕ್ ಟಿಕ್ ಅಂತವೆ. ಸೋಮವಾರದೊಳಗೆ ಸರಿ ಮಾಡಿ ತರ್ದಿದ್ರೆ ಬೇರೆಯವರಿಗೆ ಕೊಡ್ತೀವಿ ಅಂದ್ರು," ಎಂದು ಹೇಳಿ ಚಪ್ಪಲಿಯನ್ನೂ ಬಿಡದೆ ಶೆಡ್ಡಿಗೆ ಹೋದರು.

"ಇಲ್ಲಿ ಟೆಸ್ಟ್ ಮಾಡಿದಾಗ ಎಲ್ಲಾ ಚೆನ್ನಾಗಿದ್ವಲ್ರೀ?"

"ಅದೇ ಕಣೇ ನಂಗೂ ತಲೆ ಕೆಟ್ಟಿರೋದು!"

ಟಿಕ್ ಟಿಕ್ ಯಾಕೆ ಬರುತ್ತದೆ ಎಂದು ಅವರು ಹೇಳಿದ್ದು ನನಗೆ ನನ್ನ ಭಾಷೆಯಲ್ಲೇ ಅರ್ಥವಾಯಿತು. ಪೆಟ್ಟಿಗೆಯೊಳಗೆ ಐಸಿ ಎಂಬ ಒಂದು ಪುಟ್ಟ ಚಿಪ್ ಇರುತ್ತದೆ, ಇಡೀ ಕೆಲಸ ನಡೆಸುವುದು ಅದೇ. ಅದು ಮನೆಯ ಅಡುಗೆಯವಳಿದ್ದ ಹಾಗೆ. ಬೆಳಿಗ್ಗೆ ಎದ್ದೇಳಲು ಅವಳಿಗೆ ಒಂದು ಲೋಟ ಕಾಫಿಯಷ್ಟು ಕರೆಂಟು ಹೊರಗಿನಿಂದ ಸಿಗುತ್ತದೆ. ಎದ್ದು ಅಡುಗೆ ಶುರು ಮಾಡಿದ ಮೇಲೆ ತಾನು ಮಾಡಿದ ಅಡುಗೆಯಲ್ಲೇ ಒಂದು ತುತ್ತು ಅವಳ ಹೊಟ್ಟೆಗೂ ಹೋಗಬೇಕು. ಆ ತುತ್ತನ್ನು ಬಯಾಸ್ ಎನ್ನುತ್ತಾರಂತೆ. ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರಿನ ಮೇಲೆ ಕೂದಲಿನಂಥ ತಂತಿಯಲ್ಲಿ ಅದಕ್ಕೆಂದೇ ಬೇರೆ ಒಂದು ಸುತ್ತು ಸುತ್ತಿರುತ್ತಾರೆ. ಆ ತುತ್ತು ತಪ್ಪಿದರೆ ಅವಳು ತಲೆಸುತ್ತಿ ಬೀಳುತ್ತಾಳೆ. ಮತ್ತೆ ಕಾಫಿ, ಮತ್ತೆ ಏಳುವುದು, ಮತ್ತೆ ಬೀಳುವುದು. ಆ ಎದ್ದು ಬೀಳುವ ಸದ್ದೇ ಟಿಕ್ ಟಿಕ್.

"ಪಾಪ," ಎಂದೆ. ಆ ಐಸಿಯ ಮೇಲೆ ನನಗೆ ನಿಜವಾಗಿಯೂ ಕನಿಕರ ಬಂತು.

ಅವತ್ತಿನಿಂದ ನನ್ನ ಮನೆ ನನ್ನದಾಗಿ ಉಳಿಯಲಿಲ್ಲ. ಮೊದಲು ಊರಿನ ಕರೆಂಟಿನ ಮೇಲೆ ಅನುಮಾನ. ಹಗಲೆಲ್ಲ ಮಗ್ಗ ಓಡುವ ಊರು, ವೋಲ್ಟೇಜು ಜಗ್ಗುತ್ತದೆ ಎಂದು ದೇವರ ಮನೆಯ ಪ್ಲಗ್ಗಿಗೆ ಒಂದು ದೊಡ್ಡ ಸ್ಟೆಬಿಲೈಜರ್ ಡಬ್ಬ ತಂದು ಸಿಕ್ಕಿಸಿದರು. ನಾನು ದೀಪ ಹಚ್ಚಲು ಹೋದರೆ "ಅಲ್ಲಿ ಮುಟ್ಬೇಡ" ಎನ್ನುತ್ತಿದ್ದರು. ಆಮೇಲೆ ಡಯೋಡಿನ ಮೇಲೆ ಅನುಮಾನ, ಬದಲಿಸಿದರು. ಕೆಪಾಸಿಟರ್ ಬದಲಿಸಿದರು. ಐಸಿಯನ್ನೇ ಬದಲಿಸಿದರು. ಪ್ರತಿ ಸಲವೂ ಬದಲಿಸಿದ ಕೂಡಲೇ ಪೆಟ್ಟಿಗೆ ಓಡುತ್ತಿತ್ತು.

"ಸಿಕ್ತು ಕಣೇ!" ಎಂದು ಅಡುಗೆ ಮನೆಯ ಬಾಗಿಲಿಗೆ ಬಂದು ಕೂಗುತ್ತಿದ್ದರು. ನಾನು ದೇವರಿಗೆ ಕೈ ಮುಗಿಯುತ್ತಿದ್ದೆ. ಮುಗಿದ ಕೈ ಇಳಿಸುವಷ್ಟರಲ್ಲಿ ಶೆಡ್ಡಿನಿಂದ ಟಿಕ್ ಟಿಕ್.

ಬಿಸಿಯಾದರೆ ಕೆಡುತ್ತದೋ ನೋಡೋಣ ಎಂದು ನನ್ನ ದೋಸೆ ಹೆಂಚಿನ ಮೇಲೆ ಒಂದು ಪೆಟ್ಟಿಗೆ ಇಟ್ಟು ಕಾಯಿಸಿದರು. ಬಿಸಿಯಲ್ಲಿ ಕೆಟ್ಟಿತು. ಇನ್ನೊಂದು ಬಿಸಿಯಲ್ಲಿ ಸರಿಹೋಯಿತು. ಮೂರನೆಯದನ್ನು ಹೆಂಚಿಗೆ ಇಡಲು ನಾನು ಬಿಡಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಓಡುವುದು, ಮತ್ತೆ ತಟ್ಟಿದರೆ ನಿಲ್ಲುವುದು. ಮೀಟರಿನ ಮುಳ್ಳು ಬಯಾಸ್ ಕರೆಂಟನ್ನು ಸರಿಯಾಗಿ ತೋರಿಸುತ್ತಿರುವಾಗಲೇ ಸುಮ್ಮನೆ ಕೆಳಗೆ ಜಾರಿ, ನಡುಗಿ, ಮತ್ತೆ ಮೇಲೇರುವುದು. ಅದನ್ನೇ ನೋಡುತ್ತಾ ಊಟ ಮರೆಯುವುದು ಇವರ ಕೆಲಸ, ಊಟ ಆರುವುದನ್ನು ನೋಡುತ್ತಾ ಕೂರುವುದು ನನ್ನ ಕೆಲಸ.

ನಮ್ಮತ್ತೆ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಪೆಟ್ಟಿಗೆಗಳಿಗೆಲ್ಲ ದೃಷ್ಟಿ ತೆಗೆದರು. ಆ ಘಾಟಿಗೆ ಇವರು ಶೆಡ್ಡಿನಿಂದ ಕೆಮ್ಮುತ್ತಾ ಹೊರಗೆ ಬಂದರು.

"ಅಮ್ಮಾ, ಮೊದಲೇ ನನ್ ತಲೆ ಓಡ್ತಿಲ್ಲ..."

"ಓಡ್ತಿಲ್ಲ ಅಂತ್ಲೇ ಕಣೋ ತೆಗೆದಿದ್ದು!"

ನಾನೂ ಸುಮ್ಮನಿರಲಿಲ್ಲ. ನಮ್ಮೂರ ಹತ್ತಿರದ ಘಾಟಿ ಕ್ಷೇತ್ರದ ಸ್ವಾಮಿಗೆ ಹರಕೆ ಹೊತ್ತೆ. ಕೇಳಿಕೊಂಡದ್ದು ದೊಡ್ಡದೇನಲ್ಲ, ಈ ಕೆಲಸ ಒಂದು ಉಳಿಸಿಕೊಡಪ್ಪ ಎಂದಷ್ಟೇ.

ಕೊನೆಗೆ ಇವರು ಒಂದು ಬುದ್ಧಿವಂತಿಕೆ ಮಾಡಿದರು. ಐಸಿಗೆ ಹೋಗುವ ಬಯಾಸನ್ನು ಕತ್ತರಿಸಿ, ಅದರ ಬದಲು ಹೊರಗಿನಿಂದ ಬ್ಯಾಟರಿ ಕೊಟ್ಟರು. ಅಡುಗೆಯವಳಿಗೆ ಹೋಟೆಲಿನಿಂದ ಊಟ ತರಿಸಿದ ಹಾಗೆ. ಪೆಟ್ಟಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ ಓಡಿತು. ಅಲ್ಲಿಗೆ ಉಳಿದದ್ದೆಲ್ಲ ಸರಿಯಿದೆ, ದೋಷ ಇರುವುದು ಆ ತುತ್ತು ಬರುವ ದಾರಿಯಲ್ಲೇ ಎಂದಾಯಿತು. ಆ ದಾರಿಯಲ್ಲಿ ಬದಲಿಸದೆ ಉಳಿದದ್ದು ಸುತ್ತಿದ ತಂತಿ ಮಾತ್ರ.

"ಮೀಟರ್ ಇಟ್ಟು ನೋಡ್ದೆ, ತಂತಿ ತುಂಡಾಗಿಲ್ಲ. ಸುತ್ತು ಕಮ್ಮಿ ಆಗಿರ್ಬೇಕು. ಬಿಚ್ಚಿ ಎಣಿಸೋಣ, ಬಾ," ಎಂದರು.

ಸುತ್ತುವ ಕೆಲಸ ಮಾಡುತ್ತಿದ್ದದ್ದು ನಾನು, ಅತ್ತೆ ಇಬ್ಬರೇ. ದಪ್ಪ ತಂತಿ ನಾನು, ಮೇಲಿನ ಕೂದಲಿನಂಥ ತಂತಿ ಅತ್ತೆ. ಅವರು ಬುದ್ಧಿ ಬಂದಾಗಿನಿಂದ ರಾಟೆಯ ಮುಂದೆ ಕೂತು, ಮಗ್ಗದ ಲಾಳಿಗೆ ಹಾಕುವ ಕಂಡಿಕೆಯೆಂಬ ಪುಟ್ಟ ಕೊಳವೆಗೆ ರೇಷ್ಮೆ ಸುತ್ತಿದವರು. ಸಣ್ಣ ಎಳೆ ಅವರ ಕೈಯಲ್ಲಿ ಹೇಳಿದ ಮಾತು ಕೇಳುತ್ತಿತ್ತು. ಹಾಗಾಗಿ ಸುತ್ತು ಕಮ್ಮಿ ಎಂದ ಕೂಡಲೇ ಅವರಿಗೆ ಮೈಯೆಲ್ಲ ಉರಿಯಿತು.

"ನಾನು ಎಣಿಕೆ ತಪ್ತೀನೇನೋ? ನಿಮ್ಮಪ್ಪ ಒಂದು ದಿನ ಆ ಮಾತು ಆಡ್ಲಿಲ್ಲ."

"ತಪ್ಪಿದ್ದೀಯ ಅಂತ ಹೇಳ್ಲಿಲ್ಲಮ್ಮಾ, ನೋಡೋಣ ಅಂದೆ."

ಅವತ್ತು ಶುಕ್ರವಾರ. ನಾನು ಹೊಸಿಲು ತೊಳೆದು ಅರಿಶಿನ ಹಚ್ಚಬೇಕಿತ್ತು. ಅದನ್ನು ಬಿಟ್ಟು ಹೋಗಿ ಕೂತೆ. ಇವರು ಟ್ರಾನ್ಸ್‌ಫಾರ್ಮರಿನ ಮೇಲಿನ ಟೇಪು ಕಿತ್ತು, ತಂತಿ ಸುತ್ತಿದ ಬಾಬಿನ್ ತಿರುಗಿಸುತ್ತಾ ಬಾಯಲ್ಲಿ ಎಣಿಸತೊಡಗಿದರು. ಬಿಚ್ಚಿಕೊಂಡ ತಂತಿ ಸಿಕ್ಕಾಗದಂತೆ ನಾನು ಬೆರಳ ಸಂದಿಯಲ್ಲಿ ಎಳೆದುಕೊಳ್ಳುತ್ತಿದ್ದೆ. ಅತ್ತೆ ಬಾಗಿಲಲ್ಲಿ ಕಾಲು ಚಾಚಿ ಕೂತು, ಮಗನ ಎಣಿಕೆಯ ಜೊತೆಗೇ ತಾವೂ ಎಣಿಸುತ್ತಿದ್ದರು.

ನಡುವೆ ನನ್ನ ಬೆರಳಿಗೆ ಏನೋ ತಗುಲಿತು. ಸಾಸಿವೆಯಷ್ಟೂ ಇಲ್ಲ, ರವೆಯ ಒಂದು ಕಾಳಿನಷ್ಟು.

"ಏನೋ ಇದೆ ರೀ ಇಲ್ಲಿ."

ಇವರು ಎಣಿಕೆ ನಿಲ್ಲಿಸಿ ಭೂತಗನ್ನಡಿ ಹಿಡಿದರು. ನಾನೂ ಬಗ್ಗಿ ನೋಡಿದೆ. ಗಂಟು. ಅಷ್ಟು ಸಣ್ಣ ತಂತಿಗೆ ಅಷ್ಟು ಚೊಕ್ಕವಾದ ಗಂಟು, ತುದಿಗಳನ್ನು ಉಗುರಿನಲ್ಲಿ ಚಿವುಟಿ ತೆಗೆದದ್ದು. ರೇಷ್ಮೆಗೆ ಹಾಕಿದ್ದರೆ ಸೀರೆ ಉಟ್ಟವರಿಗೂ ಗೊತ್ತಾಗುತ್ತಿರಲಿಲ್ಲ.

"ಅಮ್ಮಾ," ಎಂದರು ಇವರು, ಬಹಳ ನಿಧಾನವಾಗಿ. "ಇದೇನು?"

ಅತ್ತೆ ಎದ್ದು ಬಂದು ನೋಡಿದರು. "ಗಂಟು ಕಣೋ. ಎಳೆ ಹರೀತು, ಹಾಕ್ದೆ. ಹೆಂಗದೆ ನೋಡು! ಎಳೆದು ನೋಡು ಬೇಕಾದ್ರೆ, ಬಿಡುತ್ತಾ ಅಂತ."

"ಬಿಡಲ್ಲಮ್ಮಾ."

"ಮತ್ತೆ?"

ಇವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ತಾಮ್ರದ ತಂತಿಯ ಮೈಗೆ ಕಣ್ಣಿಗೆ ಕಾಣದ ಹಾಗೆ ಬಣ್ಣದ ಲೇಪ ಇರುತ್ತದೆ. ಅದನ್ನು ಕೆರೆದು ಬೆಸುಗೆ ಹಾಕಿದರೇ ಕರೆಂಟು ದಾಟುವುದು. ಬರೀ ಗಂಟು ಹಾಕಿದರೆ, ಒಳಗೆ ಲೇಪ ಸುಲಿದ ಕಡೆ ತಾಮ್ರಕ್ಕೆ ತಾಮ್ರ ತಗುಲಿದಾಗ ಒಂದಿಷ್ಟು ದಾಟುತ್ತದೆ, ಅಲುಗಿದರೆ, ಬಿಸಿಯಾದರೆ ಬಿಟ್ಟುಹೋಗುತ್ತದೆ. ಇಲ್ಲಿ ಮೇಜಿನ ಮೇಲೆ ಓಡಿದ್ದು ಬೆಂಗಳೂರಿನವರೆಗೆ ಟೆಂಪೋದಲ್ಲಿ ಕುಲುಕಿಸಿಕೊಂಡು ಹೋಗಿ ಟಿಕ್ ಟಿಕ್ ಎಂದದ್ದು ಅದಕ್ಕೇ.

ಇಷ್ಟನ್ನೂ ಇವರು ಹೇಳಿದ ಮೇಲೆ ಅತ್ತೆ ಸೊಂಟದ ಮೇಲೆ ಕೈ ಇಟ್ಟರು. "ಮೈಮೇಲೆ ಬಣ್ಣ ಅದೆ ಅಂತ ನಂಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ತಂತಿ ಹರಿದರೆ ಆ ಬಾಬಿನ್ ಅಲ್ಲಿಗೇ ಬಿಟ್ಟು ಹೊಸದು ಶುರು ಮಾಡು ಎಂದು ಇವರು ನನಗೆ ಹೇಳಿದ್ದರು. ಹುಟ್ಟಿದಾಗಿನಿಂದ ನೂಲು ಸುತ್ತಿದ ಅಮ್ಮನಿಗೆ ಸುತ್ತುವುದನ್ನು ಹೇಳಿಕೊಡುವುದೇನು ಎಂದು ಬಿಟ್ಟಿದ್ದರು. ನೇಯ್ಗೆಯವರ ಮನೆಯಲ್ಲಿ ಹರಿದ ಎಳೆಯನ್ನು ಎಸೆಯುವವರುಂಟೇ?

"ಯಾವ್ಯಾವುದಕ್ಕೆ ಗಂಟು ಹಾಕಿದ್ದೀಯಮ್ಮಾ? ನೆನಪಿದೆಯಾ?"

"ಹಾಕಿದ ಗಂಟನ್ನೆಲ್ಲ ಯಾರು ನೆನಪಿಟ್ಕೊಳ್ತಾರೋ? ಊಟ ಮಾಡಿದ ತುತ್ತು ನೆನಪಿಟ್ಕೊತೀಯಾ ನೀನು?"

ಅಲ್ಲಿಗೆ ಎಲ್ಲವನ್ನೂ ಬಿಚ್ಚಲೇಬೇಕು ಎಂದಾಯಿತು. ಬಯಾಸಿನ ಸುತ್ತು ಎಲ್ಲಕ್ಕಿಂತ ಮೇಲಿನದು, ಕೆಳಗಿನ ನನ್ನ ಸುತ್ತುಗಳನ್ನು ಮುಟ್ಟಬೇಕಾಗಿರಲಿಲ್ಲ. ದೇವರು ಅಷ್ಟು ಮಾತ್ರ ಕಣ್ಣು ಬಿಟ್ಟಿದ್ದ. ಆದರೆ ಇವರು ಬಾಯಿ ತಪ್ಪಿ, "ಈ ಸಲ ನೀನು ಸುತ್ತಬೇಡಮ್ಮಾ, ಅವಳು ಸುತ್ತಲಿ," ಎಂದುಬಿಟ್ಟರು. ಅತ್ತೆ ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಶೆಡ್ಡಿಗೆ ಹೋಗಿ, "ಸೋಮವಾರಕ್ಕೆ ನಾನೊಬ್ಬಳೇ ಇಷ್ಟನ್ನೂ ಸುತ್ತಿ, ಅಡುಗೆ ಮಾಡಿ, ಮುನಿಸಿಕೊಂಡವರನ್ನ ಎಬ್ಬಿಸಿ ಊಟ ಹಾಕ್ಬೇಕು. ನೀವು ಮೀಟರ್ ನೋಡ್ಕೊಂಡು ಕೂತ್ಕೊಳ್ಳಿ. ಚೆನ್ನಾಗಿದೆ," ಎಂದೆ. ಒಳಗೆ ಹೋಗಿ ಅತ್ತೆಯ ತಲೆದಿಂಬಿನ ಹತ್ತಿರ ಕೂತೆ.

"ಅತ್ತೇ, ನಂಗೆ ಆ ಸಣ್ಣ ತಂತಿ ಸುತ್ತೋಕೆ ಬರಲ್ಲ. ನಾನು ಸುತ್ತಿದ್ರೆ ಸೋಮವಾರ ಅಲ್ಲ, ಸಂಕ್ರಾಂತಿಗೂ ಆಗಲ್ಲ. ಕೆಲಸ ಹೋದ್ರೆ ನಿಮ್ಮ ಮಗ ನಿಮ್ಮ ಭಾವನವರ ಮಗನ ಶೆಡ್ಡಿಗೆ ಕೂಲಿಗೆ ಹೋಗ್ತಾರೆ."

ಅತ್ತೆ ಗೋಡೆಯ ಕಡೆಗೇ ಹೇಳಿದರು. "ಅವನ ಶೆಡ್ಡಿಗಾ? ಅದೊಂದು ಆಗ್ಬಾರ್ದು." ಎದ್ದು ತುರುಬು ಕಟ್ಟಿಕೊಂಡು, "ಅನ್ನ ಹಾಕು," ಎಂದರು.

ಆಮೇಲೆ ಎರಡು ದಿನ ಶೆಡ್ಡಿನಲ್ಲಿ ಇವರು ಬಿಚ್ಚುವುದು, ಅತ್ತೆ ಸುತ್ತುವುದು, ನಾನು ಟೇಪು ಹಾಕುವುದು. ತಂತಿ ಹರಿದರೆ ಎಸೆಯಬೇಕು ಎಂದು ಒಂದು ಡಬ್ಬ ಇಟ್ಟೆ. ಪ್ರತಿ ಸಲ ಹರಿದಾಗಲೂ ಅತ್ತೆಯ ಬೆರಳು ತಾನಾಗಿಯೇ ಗಂಟಿಗೆ ಮಡಚಿಕೊಳ್ಳುತ್ತಿತ್ತು.

"ಅತ್ತೇ..."

"ಗೊತ್ತು ಕಣಮ್ಮಾ, ಗೊತ್ತು. ನೀನೊಬ್ಬಳು ಪೊಲೀಸು," ಎಂದು ಸುತ್ತಿದ್ದನ್ನೆಲ್ಲ ಬಿಚ್ಚಿ ಡಬ್ಬಕ್ಕೆ ಹಾಕುತ್ತಿದ್ದರು. ಹಾಕುವಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ, ಅನ್ನ ಚೆಲ್ಲುವವರ ಮುಖದ ಹಾಗಿರುತ್ತಿತ್ತು. ಆದರೂ ಅವರ ಕೈ ಓಡುವ ಓಟಕ್ಕೆ ನನ್ನ ಟೇಪು ಹಿಂದೆ ಬೀಳುತ್ತಿತ್ತು.

ಸೋಮವಾರ ಟೆಂಪೋ ಹೋಯಿತು. ಮಂಗಳವಾರವೆಲ್ಲ ಸುದ್ದಿಯಿಲ್ಲ. ಇವರು ಬೀದಿಗೂ ಮನೆಗೂ ಓಡಾಡಿ ನನ್ನ ಒರೆಸಿದ ನೆಲವನ್ನೆಲ್ಲ ತುಳಿದು ಹಾಳು ಮಾಡಿದರು. ಬುಧವಾರ ಮಧ್ಯಾಹ್ನ ಪಕ್ಕದ ಮನೆಯಾಕೆ ಮತ್ತೆ ಕೂಗಿದರು. ಇವರು ಹೋಗಿ ಬಂದು ಜಗಲಿಯ ಮೇಲೆ ಕೂತರು.

"ಒಂದೂ ಟಿಕ್ ಟಿಕ್ ಅಂದಿಲ್ವಂತೆ. ಬಯಾಸ್ ಎಲ್ಲದ್ರಲ್ಲೂ ಅಲ್ಲಾಡದೆ ನಿಂತದೆ ಅಂದ್ರು. ಆದ್ರೆ ಮುಂದಿನ ಸಲ ಅರ್ಧ ಕೆಲಸ ಮಾತ್ರ ಕೊಡ್ತಾರಂತೆ. ಅದು ಸರಿ ಹೋದ್ರೆ ಆಮೇಲೆ ಪೂರ್ತಿ."

"ಅರ್ಧ ಕೊಟ್ರೆ ಅರ್ಧ ಸುತ್ತೋಣ," ಎಂದರು ಅತ್ತೆ ಒಳಗಿನಿಂದ. "ಆದ್ರೆ ನನ್ನ ಗಂಟು ಬಿಚ್ಚಿಕೊಳ್ತು ಅಂತ ಮಾತ್ರ ಎಲ್ಲೂ ಹೇಳ್ಬೇಡ ಕಣೋ. ಅದು ಬಿಚ್ಚಿಕೊಂಡಿಲ್ಲ."

"ಹೇಳಲ್ಲಮ್ಮಾ."

ಅರ್ಧವಾದರೂ ಉಳಿಯಿತಲ್ಲ ಎಂದು ನಾನು ಘಾಟಿಯ ದಿಕ್ಕಿಗೆ ಕೈ ಮುಗಿದೆ. ಬೀದಿಯ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವ ಸದ್ದು ಕೇಳಿಸಿತು. ನೀರು ಬಿಟ್ಟಿದ್ದರು. ಬಿಂದಿಗೆಗಳಲ್ಲಿದ್ದ ಹಳೆಯ ನೀರನ್ನು ತುಳಸಿ ಗಿಡಕ್ಕೆ ಚೆಲ್ಲಿ, ಎರಡನ್ನೂ ಕಂಕುಳಿಗೆ ಇಟ್ಟುಕೊಂಡು ಸಾಲಿಗೆ ಓಡಿದೆ.