ಬದು ತೆಗೆಸಿದ ಮೇಲೆ

ಕೆಳಗಿನ ಹೊಲ ನನ್ನ ಓರಗಿತ್ತಿಯದು. ಅವಳು ನಮ್ಮ ಮನೆಯವರ ತಮ್ಮನ ಹೆಂಡತಿ. ಅಣ್ಣ ತಮ್ಮಂದಿರು ಪಾಲಾದಾಗ ಇಳಿಜಾರಿನ ಮೇಲಿನ ಎರಡೆಕರೆ ನಮಗೆ ಬಂತು, ಕೆಳಗಿನ ಎರಡೆಕರೆ ಅವರಿಗೆ. ನಡುವೆ ಒಂದು ಬದು ಇತ್ತು. ಗಂಡಸರಿಬ್ಬರೂ ಈಗಿಲ್ಲ. ಗುರುಪುರದಿಂದ ಹುಣಸೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಒಂದೇ ಹೊಲದ ಹಾಗೆ ಕಾಣುತ್ತವೆ. ಹಾಗೆ ಕಾಣುವುದಕ್ಕೆ ಕಾರಣ ನಾನು. ಬದು ತೆಗೆಸಿದವಳು ನಾನೇ.

ಪಾಲಾದ ಮೇಲೂ ನಾವಿಬ್ಬರು ಬೇರೆಯಾಗಿರಲಿಲ್ಲ. ನಮ್ಮ ಕಡೆ ಮುಯ್ಯಾಳು ಅನ್ನುತ್ತೇವೆ. ಇವತ್ತು ನಾನು ನಿನ್ನ ಹೊಲದಲ್ಲಿ ಕಳೆ ಕಿತ್ತರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು, ಅಷ್ಟೇ. ಕೂಲಿಯ ಮಾತೇ ಇಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾವು ರಾಗಿ ಸಾಲಿನಲ್ಲಿ ಅಕ್ಕಪಕ್ಕ ಕುಕ್ಕರುಗಾಲಲ್ಲಿ ಕೂತು ಊರವರನ್ನೆಲ್ಲ ಆಡಿಕೊಂಡಿದ್ದೇವೆ. ಮಧ್ಯಾಹ್ನ ಬದುವಿನ ಮೇಲಿನ ಹೊಂಗೆ ನೆರಳಿನಲ್ಲಿ ಮುದ್ದೆ ಉಣ್ಣುತ್ತಿದ್ದೆವು. ಅವಳು ಮಾಡಿದ ಉಪ್ಪೆಸರು ಬರೀ ನೀರು ಅಂತ ನಾನು ಹಂಗಿಸುತ್ತಿದ್ದೆ. ನಾನು ಬೇರು ಬಿಟ್ಟು ಬರೀ ಎಲೆ ಕಿತ್ತು ಕಳೆ ತೆಗೆದೆ ಅನ್ನುತ್ತೇನೆಂದು ಅವಳು ಆಡಿಕೊಳ್ಳುತ್ತಿದ್ದಳು. ಎರಡೂ ನಿಜವೇ.

ಹೊಟ್ಟೆಗಿಲ್ಲದೆ ಹೊಲವನ್ನು ಗುತ್ತಿಗೆಗೆ ಕೊಟ್ಟೆ ಅಂದರೆ ಸುಳ್ಳಾಗುತ್ತದೆ. ಮಂಡಿ ನೋಯುತ್ತಿದ್ದದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ಒಂದೆರಡು ವರ್ಷವಾದರೂ ಕಾಲು ಚಾಚಿ ಕೂರಬೇಕೆಂಬ ಆಸೆ ಇತ್ತು. ಪಿರಿಯಾಪಟ್ಟಣದ ಕಡೆ, ಎಚ್.ಡಿ. ಕೋಟೆಯ ಕಡೆ ಎಲ್ಲರೂ ಶುಂಠಿ ಬೆಳೆಯುವವರಿಗೆ ಹೊಲ ಕೊಡುತ್ತಿದ್ದರು. ಅವರು ಸುರಿದ ಗೊಬ್ಬರ ನೆಲದಲ್ಲೇ ಉಳಿಯುತ್ತದೆ, ಆಮೇಲೆ ರಾಗಿ ಎದೆಮಟ್ಟ ಬರುತ್ತದೆ ಎಂದು ಊರಿಗೆ ಊರೇ ಹೇಳುತ್ತಿತ್ತು.

ಓರಗಿತ್ತಿ ಮಾತ್ರ ಒಪ್ಪಲಿಲ್ಲ. “ಬ್ಯಾಡ ಕಣಕ್ಕಾ. ಶುಂಠಿ ಕಿತ್ ಮ್ಯಾಲೆ ಆ ಹೊಲ್ಗಳು ಏನಾಗವೆ ನೋಡಿದ್ದೀಯಾ? ನಿಂಗೆ ಮಂಡಿ ನೋವಾದ್ರೆ ಬದಿನ ಮ್ಯಾಲೆ ಕೂತ್ಕೊಂಡು ನನ್ನ ಬೈತಾ ಇರು. ಕಳೆ ನಾನೇ ಕೀಳ್ತೀನಿ.”

“ನಂಗೆ ನಾಕು ಕಾಸು ಬಂದ್ರೆ ನಿಂಗ್ಯಾಕವ್ವಾ ಹೊಟ್ಟೆಕಿಚ್ಚು?” ಅಂದೆ. ನನ್ನ ನಾಲಿಗೆಯೇ ಅಂಥದ್ದು.

ಶುಂಠಿಯವನು ಗಡಿಯಾಚೆಯಿಂದ ಬಂದ ಸಾಧು ಮನುಷ್ಯ. ಅವನನ್ನು ದೂರುವುದಕ್ಕೆ ನನಗೆ ಬಾಯಿಲ್ಲ, ಯಾಕೆಂದರೆ ಅವನು ಎಲ್ಲವನ್ನೂ ನನ್ನನ್ನು ಕೇಳಿಯೇ ಮಾಡಿದ. “ಅಮ್ಮಾ, ಈ ಬದು ತೆಗೆದರೆ ಟ್ರ್ಯಾಕ್ಟರ್ ಸಲೀಸಾಗಿ ತಿರುಗುತ್ತೆ” ಅಂದ. ಅದು ಇಬ್ಬರ ಬದು. ನಾನು ಓರಗಿತ್ತಿಯನ್ನು ಒಂದು ಮಾತು ಕೇಳದೆ ತಲೆಯಾಡಿಸಿದೆ. ಅವಳು ಹುಣಸೂರಿನ ಸಂತೆಗೆ ಹೋಗಿದ್ದ ದಿನ ಜೆಸಿಬಿ ಬಂತು. ಹೊಂಗೆ, ತಂಗಡಿ, ಲೆಕ್ಕಿ ಗಿಡ, ನಮ್ಮತ್ತೆ ತಲೆಯ ಮೇಲೆ ಹೊತ್ತು ಜೋಡಿಸಿದ ಕಲ್ಲು, ಎಲ್ಲ ಒಂದು ಬೆಳಗ್ಗೆಯಲ್ಲಿ ಹೋಯಿತು. ನಾನು ನಿಂತು ನೋಡಿದೆ. ಆಗ ಏನೂ ಅನ್ನಿಸಲಿಲ್ಲ ಎಂಬುದೇ ಈಗ ನನಗೆ ನಾಚಿಕೆ.

ಶುಂಠಿಗೆ ಬುಡದಲ್ಲಿ ನೀರು ನಿಲ್ಲಬಾರದು. ಅದಕ್ಕೆ ಮಡಿಗಳ ನಡುವೆ ಇಳಿಜಾರಿನುದ್ದಕ್ಕೂ ಕಾಲುವೆ ತೋಡಿದ್ದರು. ಮುಂಗಾರಿನ ಒಂದೇ ಒಂದು ಜೋರು ಮಳೆ ಸಾಕಾಯಿತು. ನನ್ನ ಹೊಲದ ಮೇಲ್ಮಣ್ಣು, ಕೋಳಿಗೊಬ್ಬರ, ಕೊಳೆರೋಗಕ್ಕೆಂದು ಬುಡಕ್ಕೆ ಹುಯ್ದಿದ್ದ ಔಷಧಿ, ಎಲ್ಲ ಆ ಕಾಲುವೆ ಹಿಡಿದು ಕೆಳಗಿಳಿಯಿತು. ತಡೆಯುವುದಕ್ಕೆ ಬದುವೇ ಇರಲಿಲ್ಲ. ಮಾರನೆಯ ಬೆಳಗ್ಗೆ ಅವಳ ರಾಗಿ ಪೈರಿನ ಅರ್ಧ ಭಾಗ ಕೆಸರಿನಡಿ ಹೂತುಹೋಗಿತ್ತು. ಅವಳು ಕೆಳಗೆ ನಿಂತು ನೋಡುತ್ತಿದ್ದಳು, ನಾನು ಮೇಲೆ. ಅವಳು ಬೈದರೆ ಏನು ಹೇಳಬೇಕೆಂದು ನಾನು ಆಗಲೇ ಜೋಡಿಸಿಕೊಂಡಿದ್ದೆ. ಅವಳು ಬೈಯಲಿಲ್ಲ. ಸೀರೆಯ ನೆರಿಗೆ ಎತ್ತಿಕಟ್ಟಿ, ಬಗ್ಗಿ, ಒಂದೊಂದೇ ಪೈರನ್ನು ಕೆಸರಿನಿಂದ ಎತ್ತಿ ನಿಲ್ಲಿಸತೊಡಗಿದಳು. ಇಳಿದು ಹೋಗಿ ಜೊತೆಗೆ ಬಗ್ಗಬೇಕಿತ್ತು ನಾನು. ಮನೆಗೆ ಬಂದುಬಿಟ್ಟೆ.

ಗುತ್ತಿಗೆ ಮುಗಿದು ಹೊಲ ಕೈಗೆ ಬಂದ ಮೇಲೆ ರಾಗಿ ಹಾಕಿದೆ. ಊರವರು ಹೇಳಿದ ಹಾಗೆ ಎದೆಮಟ್ಟ ಬಂತು. ನಲ್ಲಿಯ ಹತ್ತಿರ ಅವಳಿಗೆ ಕೇಳಿಸಲೆಂದೇ ಗಟ್ಟಿಯಾಗಿ ಕೊಚ್ಚಿಕೊಂಡೆ. ಆಮೇಲೆ ಪೈರೆಲ್ಲ ಬುಡಸಮೇತ ಮಲಗಿಕೊಂಡಿತು. ಬಡಿದು ತೂರಿದರೆ ಬರೀ ಹೊಟ್ಟು. ಅದರ ಮುಂದಿನ ವರ್ಷ ಅದೂ ಇಲ್ಲ. ಮಳೆ ನಿಂತ ಮೇಲೆ ನೆಲ ಹಪ್ಪಳದಂತೆ ಪೊರೆ ಕಟ್ಟುತ್ತದೆ. ಅಗೆದರೆ ಒಂದು ಎರೆಹುಳ ಸಿಗುವುದಿಲ್ಲ. ಅವರೆ ಸಾಲು ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ಸತ್ತಿತು. ಉಳುವಾಗ ಹಿಂದೆ ಹಿಂದೆ ಬರುತ್ತಿದ್ದ ಬೆಳ್ಳಕ್ಕಿಗಳು ಈ ಸಲ ಒಂದು ಸುತ್ತು ಹಾಕಿ ಬೇರೆಯವರ ಹೊಲಕ್ಕೆ ಹೋದವು.

ಆದರೂ ಮಣ್ಣಿಗಿಂತ ಹೆಚ್ಚಾಗಿ ನನ್ನನ್ನು ತಿಂದದ್ದು ಆ ಮೌನ. ಮೂರು ವರ್ಷ ಅವಳು ನನ್ನನ್ನು ಮುಯ್ಯಿಗೆ ಕರೆಯಲಿಲ್ಲ. ನನ್ನ ಹೊಲ ಕೈಗೆ ಬಂದ ಮೇಲೂ ಕೆಳಗೆ ಅವಳೊಬ್ಬಳು, ಮೇಲೆ ನಾನೊಬ್ಬಳು ಕಳೆ ಕೀಳುತ್ತಿದ್ದೆವು. ಅವಳು ಕೆಮ್ಮಿದರೂ ನನಗೆ ಕೇಳಿಸುತ್ತಿತ್ತು. ಇಡೀ ದಿನ ಯಾರ ಹತ್ತಿರವೂ ಮಾತಿಲ್ಲದೆ ಸಂಜೆ ದನದ ಹತ್ತಿರ ಮಾತಾಡಿದರೆ ನನ್ನ ದನಿ ನನಗೇ ಬೇರೆ ಥರ ಕೇಳುತ್ತಿತ್ತು. ತಪ್ಪಾಯಿತು ಅನ್ನಲು ಎರಡು ಸಲ ಅವಳ ಬಾಗಿಲವರೆಗೆ ಹೋಗಿದ್ದೇನೆ. ಊರಿಗೆಲ್ಲ ಬುದ್ಧಿ ಹೇಳುವ ನಾಲಿಗೆ ಅಲ್ಲಿ ಮಾತ್ರ ಏಳಲಿಲ್ಲ.

ಈ ವರ್ಷ ತಡೆಯಲಾಗಲಿಲ್ಲ. ಕರೆಯದಿದ್ದರೂ ಒಂದು ಬೆಳಗ್ಗೆ ಕುಡುಗೋಲು ಹಿಡಿದು ಅವಳ ಹೊಲಕ್ಕಿಳಿದು, ಅವಳ ಪಕ್ಕದ ಸಾಲು ಹಿಡಿದೆ. ಅವಳು ತಲೆಯೆತ್ತಿ ನೋಡಿದಳು, ಮತ್ತೆ ಬಗ್ಗಿ ಕಳೆ ಕೀಳತೊಡಗಿದಳು. ಬೇಡ ಅನ್ನಲಿಲ್ಲವಲ್ಲ ಎಂದು ನನಗೆ ಎಷ್ಟು ಹಿಗ್ಗು! ಅವತ್ತು ಒಂದು ಬೇರನ್ನೂ ಬಿಡದೆ ಕಿತ್ತೆ. ಮಧ್ಯಾಹ್ನ ಮುದ್ದೆ ಇಕ್ಕಿದಳು. ಉಪ್ಪೆಸರು ಚೆನ್ನಾಗಿದೆ ಅಂದೆ. ಸಂಜೆ ಮನೆಗೆ ಬಂದು, ನಾಳೆ ಅವಳು ಬರುತ್ತಾಳೆಂದು ಮರೆಯದೆ ಅವರೆಕಾಳು ನೆನೆಹಾಕಿದೆ.

ಬೆಳಗ್ಗೆ ನನ್ನ ಹೊಲದಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಕುಡುಗೋಲು ಹಿಡಿದು ನಿಂತಿದ್ದಳು.

“ಕೆಳಗಿನ್ ಹೊಲದವ್ವ ಕಳ್ಸವ್ರೆ. ನಿನ್ನೆ ನೀವು ಒಂದಾಳು ಬಂದಿದ್ರಂತಲ್ಲ, ಅದ್ರ ಮುಯ್ಯಿಗೆ ನಾನು ಬಂದಿವ್ನಿ. ನಂಗೆ ಕೂಲಿ ಅವ್ರೇ ಕೊಡ್ತಾರಂತೆ.”

ಯಾವ ಸಾಲಿನಿಂದ ಶುರು ಮಾಡಲಿ ಎಂದು ಕೇಳಿದಳು. ತೋರಿಸಿದೆ. ಒಂದಾಳಿಗೆ ಒಂದಾಳು ಬಂದಾಗಿತ್ತು, ಲೆಕ್ಕ ಸರಿಯಾಗಿತ್ತು, ಯಾರೂ ಓರಗಿತ್ತಿಯದು ತಪ್ಪು ಅನ್ನುವ ಹಾಗಿಲ್ಲ. ಅವಳು ಯಾರನ್ನೂ ಕಳಿಸದೆ ಸುಮ್ಮನಿದ್ದಿದ್ದರೆ, ಇವತ್ತಲ್ಲ ನಾಳೆ ಬಂದಾಳು ಅಂತ ನಾನು ಸಾಯುವ ತನಕ ಕಾಯುತ್ತಿದ್ದೆ. ಈಗ ಕಾಯುವುದಕ್ಕೂ ಏನೂ ಉಳಿಯಲಿಲ್ಲ.