ಕಿಸೆಯಲ್ಲಿ ಉಳಿದ ಫ್ಯೂಸ್

ಅಪ್ಪ ತೀರಿಕೊಂಡಾಗ ಮಾತಾಡಿಸಲು ಬಂದವರೆಲ್ಲ ಮೊದಲು ಕೇಳಿದ್ದು, ಕರೆಂಟ್ ಹೊಡೆಯಿತೇ ಎಂದು. ಇಲ್ಲ, ಹೃದಯ ನಿಂತಿತು ಎನ್ನುತ್ತಿದ್ದೆ. ನಲವತ್ತು ವರ್ಷ ಊರೂರಿನ ಮನೆಗಳಿಗೆ ವೈರಿಂಗ್ ಮಾಡಿದ ಮನುಷ್ಯ ಬೆಟಗೇರಿಯ ತನ್ನ ಮನೆಯಲ್ಲಿ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಗೋಡೆಗೊರಗಿ ಹೋದ ಎಂಬುದು ಕೆಲವರಿಗೆ ಸಮಾಧಾನವಾಗಲಿಲ್ಲ. ಇಬ್ಬರು ಎರಡನೇ ಸಲವೂ ಕೇಳಿದರು.

ಅವನ ಕೆಲಸದ ಅಂಗಿ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಮೂರನೇ ದಿನ ಒಗೆಯಲು ತೆಗೆದೆ. ಕಿಸೆ ಭಾರವಾಗಿತ್ತು. ಒಳಗೆ ಬಿಳಿ ಪಿಂಗಾಣಿಯ ಫ್ಯೂಸ್, ಕೆಲಸ ಹಿಡಿದಿದ್ದ ಮನೆಯ ಮೀಟರ್ ಬೋರ್ಡಿನಿಂದ ಕಿತ್ತು ತಂದದ್ದು.

ಇದು ಮರೆವಲ್ಲ. ಅಪ್ಪ ಗದಗಿನಲ್ಲಿ ಒಬ್ಬ ಗುರುವಿನ ಕೈಕೆಳಗೆ ಆರು ವರ್ಷ ಕಲಿತವನು. ಮೊದಲ ವರ್ಷ ಗೋಡೆ ಕೊರೆದ, ಎರಡನೇ ವರ್ಷ ಏಣಿ ಹಿಡಿದ, ಮೂರನೇ ವರ್ಷ ವೈರು ಮುಟ್ಟಿದ. ಅಲ್ಲಿಂದ ತಂದ ನಿಯಮ ಒಂದೇ. ಕೆಲಸ ಶುರು ಮಾಡುವ ಮುನ್ನ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಳ್ಳಬೇಕು. ಫ್ಯೂಸ್ ಯಾರ ಕಿಸೆಯಲ್ಲಿದೆಯೋ ಕೆಲಸ ಅವರದು. ಅರ್ಧ ಉಳಿದರೆ ಫ್ಯೂಸೂ ಅವರ ಜೊತೆ ಮನೆಗೆ ಬರುತ್ತದೆ, ಮರುದಿನ ಅವರ ಜೊತೆಗೇ ವಾಪಸು ಹೋಗುತ್ತದೆ.

ನಾನು ಕಲಿತದ್ದು ಒಂದು ತಿಂಗಳು, ಗದಗಿನದೇ ಒಂದು ತರಬೇತಿ ಕೇಂದ್ರದಲ್ಲಿ, ಮಧ್ಯಾಹ್ನದ ಊಟ ಸಹಿತ. ಕೊನೆಯ ದಿನ ಪ್ರಮಾಣಪತ್ರ ಕೊಟ್ಟರು. ಅಪ್ಪ ಅದನ್ನು ತಿರುಗಿಸಿ ಹಿಂದೆಯೂ ಏನಾದರೂ ಬರೆದಿದೆಯೇ ಎಂದು ನೋಡಿದ.

"ಒಂದ್ ತಿಂಗಳಿಗೆ ನಮ್ಮ ಗುರುಗಳು ನನ್ನ ಹೆಸರ ಸೈತ ಕೇಳಿದ್ದಿಲ್ಲವಾ," ಎಂದ.

ಅದು ಗುರುಗಳ ತಪ್ಪು ಎಂದೆ. ಮರುದಿನದಿಂದ ನನ್ನನ್ನು ಜೊತೆಗೆ ಕರೆದೊಯ್ದ.

ಒಂದೂವರೆ ವರ್ಷ ಇಬ್ಬರೂ ಕೂಡಿ ಕೆಲಸ ಮಾಡಿದೆವು. ಲಕ್ಷ್ಮೇಶ್ವರ, ಶಿರಹಟ್ಟಿ, ಕರೆದ ಕಡೆ ಹೋದೆವು. ತರಬೇತಿಯಲ್ಲಿ ನನಗೆ ರೂಢಿಯಾಗಿದ್ದು ಒಂದೇ: ಬಿಚ್ಚಿದ ಪ್ರತಿ ವೈರಿನ ತುದಿಗೂ ಟೇಪು ಸುತ್ತಿ, ಟೇಪಿನ ಕೊನೆಯನ್ನು ಚೂರು ಮಡಚಿ ಬಿಡುವುದು. ಆಮೇಲೆ ಬಿಚ್ಚುವವರಿಗೆ ಅದು ಉಗುರಿಗೆ ಸಿಗುತ್ತದೆ. ಅಪ್ಪನಿಗೆ ಇದು ತಮಾಷೆ. ಫ್ಯೂಸ್ ತನ್ನ ಕಿಸೆಯಲ್ಲಿರುವಾಗ ವೈರಿಗೆ ಟೇಪು ಸುತ್ತುವುದು ಹೆಣಕ್ಕೆ ಸ್ವೆಟರ್ ಹಾಕಿದ ಹಾಗೆ ಎನ್ನುತ್ತಿದ್ದ. ಮನೆಯವರ ಎದುರಿಗೇ ಎನ್ನುತ್ತಿದ್ದ.

ಕೆಲಸವೆಲ್ಲ ಮಾಡಿಸುತ್ತಿದ್ದ, ಫ್ಯೂಸ್ ಮಾತ್ರ ಕೊಡುತ್ತಿರಲಿಲ್ಲ. ಹೊಂಬಳದಲ್ಲಿ ಒಬ್ಬ ಹಿರಿಯ ಹೆಂಗಸಿನ ಅಡಿಗೆಮನೆಯ ಕೆಲಸ ಹಿಡಿದಿದ್ದೆವು. ಅಲ್ಲಿಗೆ ಹೋದ ಮೊದಲ ದಿನ ಬಾಯಿಬಿಟ್ಟು ಕೇಳಿದೆ.

"ಎಲ್ಲಿ ಇಟ್ಕೋತಿ?" ಎಂದ. "ನಿನ್ನ ಚೂಡಿದಾರಕ್ಕ ಕಿಸೆ ಎಲ್ಲೈತಿ?"

ಇರಲಿಲ್ಲ. ದರ್ಜಿ ನಮ್ಮ ಓಣಿಯಲ್ಲೇ ಇದ್ದ. ಹೊಲಿಸಬಹುದಿತ್ತು. ಹೊಲಿಸಿದ ಮೇಲೆ ಅಪ್ಪ ಇನ್ನೊಂದು ಕಾರಣ ಹೇಳಿದರೆ ಎಂಬ ಅಂಜಿಕೆಗೆ ಹೊಲಿಸಿರಲಿಲ್ಲ. ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಅವನೊಬ್ಬನೇ ಹೋದ, ಸಂಜೆ ಬಂದ, ಚಹಾ ಕೇಳಿದ.

ಫ್ಯೂಸ್ ಸಿಕ್ಕ ದಿನವೇ ಹೊಂಬಳದ ಆ ಹೆಂಗಸು ಮಾತಾಡಿಸಲು ಬಂದರು. ಒಂದು ತಾಸು ಕುಳಿತರು. ಅಪ್ಪನ ಗುಣ ಹೇಳಿದರು, ಕಣ್ಣು ಒರೆಸಿಕೊಂಡರು. ಹೊರಟವರು ಹೊಸ್ತಿಲಲ್ಲಿ ನಿಂತು ದನಿ ಇಳಿಸಿದರು.

"ತಪ್ಪ ತಿಳಕೋಬ್ಯಾಡವಾ. ಅಣ್ಣಾರು ನಮ್ಮ ಅಡಗಿ ಮನಿ ಫ್ಯೂಸ್ ಒಯ್ದಾರ."

ಮೂರು ದಿನದಿಂದ ಆ ಮನೆಯಲ್ಲಿ ಬ್ಯಾಟರಿ ಬೆಳಕಿನಲ್ಲಿ ಅಡಿಗೆ, ಕಲ್ಲಿನಲ್ಲಿ ಚಟ್ನಿ. ಅಂಗಡಿಯಿಂದ ಬೇರೆ ಫ್ಯೂಸ್ ತರಿಸಲಿಲ್ಲವೇ ಎಂದು ಕೇಳಿದೆ.

"ಅವರು ಒಯ್ದಾರಂದ್ರ ಒಳಗ ಏನರೆ ಅರ್ಧ ಉಳದೈತಿ ಅಂತ. ಬ್ಯಾರೇದು ಹಾಕಿ ಸಾಯೋದ್ಯಾಕ?" ಎಂದವರು, ನಿಂತಿರುವ ಮನೆ ಯಾವುದೆಂದು ನೆನಪಾಗಿ ಬಾಯಿಗೆ ಸೆರಗು ಹಿಡಿದರು.

ನಾನು ಬಂದು ಮುಗಿಸುತ್ತೇನೆ ಎಂದೆ. ನನ್ನನ್ನು ಮೇಲೆ ಕೆಳಗೆ ನೋಡಿದರು. ಒಳಗಿನಿಂದ ಪ್ರಮಾಣಪತ್ರ ತಂದು ತೋರಿಸಿದೆ. ಕನ್ನಡಕ ತಂದಿಲ್ಲ ಎಂದು ವಾಪಸು ಕೊಟ್ಟರು.

"ಅದಿರಲಿ. ಅಣ್ಣಾರು ಯಾವಾಗರೆ ನಿನ್ನ ಕೈಯಾಗ ಫ್ಯೂಸ್ ಕೊಟ್ಟಾರೇನು?"

ಇಲ್ಲ ಎಂದೆ. "ದಿನ ಮುಗೀಲಿ. ಆಮ್ಯಾಲ ಬಾ. ಬಂದ ನೋಡು," ಎಂದರು. ಬೇರೆ ಯಾರನ್ನಾದರೂ ಕರೆದರೆ ಅವರು ಬಂದವರೇ ಹೊಸ ಫ್ಯೂಸ್ ಸಿಗಿಸುತ್ತಾರೆಂಬ ಅಂಜಿಕೆ ಇದ್ದಿರಬೇಕು.

ದಿನಕರ್ಮ ಮುಗಿಸಿ ಹೊಂಬಳಕ್ಕೆ ಹೋದೆ. ಚೂಡಿದಾರದ ಮೇಲೆ ಅಪ್ಪನ ಅಂಗಿ ಹಾಕಿಕೊಂಡಿದ್ದೆ. ಒಗೆದಿರಲಿಲ್ಲ. ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಾರೆ. ಬಸ್ಸಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಫ್ಯೂಸ್ ಇದ್ದಲ್ಲೇ ಇತ್ತು.

ಅಡಿಗೆಮನೆಯಲ್ಲಿ ಸ್ವಿಚ್ ಬೋರ್ಡು ಗೋಡೆಯಿಂದ ಹೊರಗೆ ಜೋತುಬಿದ್ದಿತ್ತು. ಸ್ಟೂಲ್ ಹತ್ತಿ ಬ್ಯಾಟರಿ ಬಿಟ್ಟು ನೋಡಿದೆ. ಏಳು ವೈರುಗಳು. ಏಳಕ್ಕೂ ತುದಿಗೆ ಕರಿ ಟೇಪು. ಪ್ರತಿ ಟೇಪಿನ ಕೊನೆಯೂ ಮಡಚಿತ್ತು. ಮಡಿಕೆಗಳು ದಪ್ಪ, ಸೊಟ್ಟ. ರೂಢಿಯಿಲ್ಲದ ಹೆಬ್ಬೆರಳಿನ ಕೆಲಸ. ನಾನು ಅಲ್ಲಿರದ ದಿನ, ಫ್ಯೂಸ್ ಕಿಸೆಯಲ್ಲಿಟ್ಟುಕೊಂಡೇ ಅಪ್ಪ ಕುಳಿತು ಏಳು ಟೇಪು ಮಡಚಿದ್ದ.

ಸ್ಟೂಲ್ ಇಳಿದು ಅದರ ಮೇಲೇ ಕುಳಿತೆ. ಏನಾಯಿತು ಎಂದು ಆ ಹೆಂಗಸು ಕೇಳಿದರು.

"ಟೇಪ್ ಹಚ್ಯಾರ್ರಿ," ಎಂದೆ.

"ಯಾಕ, ಹಚ್ಚಬಾರದೇನು?"

"ಹಚ್ಚಬೇಕ್ರಿ."

ಅವರು ನೀರು ಕೊಟ್ಟರು. ಕುಡಿದು ಮತ್ತೆ ಹತ್ತಿದೆ. ಏಳೂ ಟೇಪು ಉಗುರಿಗೆ ಸುಲಭವಾಗಿ ಸಿಕ್ಕವು. ಬಿಚ್ಚಿದ್ದನ್ನು ಬಿಸಾಡಲಿಲ್ಲ. ಬೋರ್ಡು ಕೂರಿಸುವಷ್ಟರಲ್ಲಿ ಗೋಡೆಯ ಹಳೆಯ ಗಾರೆ ಒಂದು ಬೊಗಸೆಯಷ್ಟು ಉದುರಿತು. ಸಿಮೆಂಟ್ ತರಿಸಿ ಮೆತ್ತಿದೆ. ಅದು ಒಣಗಬೇಕು, ಉಳಿದದ್ದು ನಾಳೆ. ಬಿಚ್ಚಿದ ತುದಿಗಳಿಗೆ ಹೊಸ ಟೇಪು ಸುತ್ತಿ ಮಡಚಿದೆ.

ಇನ್ನೂ ಒಂದು ದಿನ ಕಲ್ಲಿನಲ್ಲೇ ಚಟ್ನಿ ಎಂದು ಹೇಳುವುದು ಹೇಗೆಂದು ಯೋಚಿಸುತ್ತ ಚೀಲ ಕಟ್ಟುತ್ತಿದ್ದೆ. ಅವರೇ ಬಂದು ಗೋಡೆ ನೋಡಿದರು.

"ಫ್ಯೂಸ್ ಕಿಸೆದಾಗ ಐತಿಲ್ರಿ?" ಎಂದು ಕೇಳಿದರು.

"ಐತ್ರಿ."

"ಒಯ್ರಿ ಹಂಗಾರ. ನಮ್ಮ ಸೊಸಿ ಬಟನ್ ಕಂಡ್ರ ಒತ್ತೂದ ಬಿಡಂಗಿಲ್ಲ."

ಗದಗಿನ ಬಸ್ಸು ತುಂಬಿತ್ತು. ಕಂಡಕ್ಟರ್ ಬಂದಾಗ ಆಧಾರ್ ಕಾರ್ಡ್ ತೋರಿಸಲೆಂದು ಕಿಸೆಗೆ ಕೈ ಹಾಕಿದೆ. ಕೈಗೆ ಬಂದದ್ದು ಫ್ಯೂಸ್, ಅದಕ್ಕೆ ಅಂಟಿಕೊಂಡು ಬಂದ ಏಳು ಟೇಪು. ಅವನು ಫ್ಯೂಸ್ ನೋಡಿದ, ಅಂಗಿ ನೋಡಿದ, ಜೀರೋ ಟಿಕೆಟ್ ಹರಿದು ಕೊಟ್ಟ. ಅದನ್ನೂ ಅದೇ ಕಿಸೆಗೆ ಹಾಕಿದೆ.