ಸಾಹುಕಾರರ ಅಳತೆಯ ಮೈ

ಕಾರಿನ ಸೀಟು ಹೊಲಿಯುವ ಆ ದುಂಡಗಿನ ಆಳಿಗೆ ದಿಂಬು ಎಂದೇ ಹೆಸರು. ಅವನು ದುಡಿಯುತ್ತಿದ್ದ ಷೆಡ್ಡಿಗೆ ತೊಗಲು ಮಾರುತ್ತಿದ್ದ ನನಗೂ ಬೇರೆ ಹೆಸರು ಗೊತ್ತಿರಲಿಲ್ಲ. ಹದಿನಾರು ವರ್ಷ ದಿನಗೂಲಿ ಮಾಡಿದವನಿಗೆ ಇದ್ದ ಆಸೆ ಒಂದೇ, ಕೆಲಸ ಕಾಯಂ ಆಗಬೇಕು.

ಆ ವರ್ಷ ಷೆಡ್ಡಿಗೊಂದು ಕರೆಂಟಿನ ಓಟದ ಕಾರು ಬಂತು. ಜಗತ್ತಿಗೆಲ್ಲ ಸೇರಿ ಅಂಥವು ನಲವತ್ತೇ. ಮೂರು ಎಣಿಸುವುದರೊಳಗೆ ನೂರರ ವೇಗ, ಸದ್ದು ಬೆಕ್ಕಿನ ಹೆಜ್ಜೆಯಷ್ಟು. ಸೀಟು ಮಾತ್ರ ಕೊಂಡವರ ಬೆನ್ನಿಗೇ ಅಚ್ಚು ಹಾಕಿದಂತಿರಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಮೈ ಜಾರುತ್ತದೆ. ಕೊಂಡ ಸಾಹುಕಾರರಿಗೆ ಬಂದು ಕೂರಲು ಪುರುಸೊತ್ತಿಲ್ಲ. ಅಳತೆಯ ಚೀಟಿ ಕಳಿಸಿದರು. ಎತ್ತರ, ಭುಜ, ಬೆನ್ನು ಎಲ್ಲ ದಿಂಬುವಿನ ಅಳತೆಯೇ. ಆದರೆ ಸಾಹುಕಾರರು ಕಡ್ಡಿ.

"ಅಚ್ಚಿಗೆ ನೀನೇ ಕೂತ್ಕೋ. ಇಪ್ಪತ್ತೆರಡು ಕೆಜಿ ಇಳಿಸು. ಸೀಟು ಒಪ್ಪಿಗೆ ಆದ್ರೆ ನೀನು ಕಾಯಂ," ಎಂದ ಮ್ಯಾನೇಜರ್.

"ಎಷ್ಟು ದಿನದಲ್ಲಿ ಸಾರ್?"

"ಎರಡು ತಿಂಗಳು. ಬರೀ ಬಾಯಿ ಮುಚ್ಕೊಂಡಿರೋ ಕೆಲಸ ಕಣಯ್ಯಾ!"

ಹೆಂಡತಿ ತಲೆ ಚಚ್ಚಿಕೊಂಡಳು. "ಅವರು ಕಾರಲ್ಲಿ ಕೂರೋಕೆ ನೀವ್ಯಾಕ್ರೀ ಉಪವಾಸ?"

"ಸುಮ್ನಿರೇ. ಹೊಟ್ಟೆ ಎಲ್ಲೂ ಓಡಿಹೋಗಲ್ಲ."

ಓಡಿಯೇಹೋಯಿತು. ಬೆಳಗ್ಗೆ ಬಿಸಿನೀರು, ಸಂಜೆ ಅರ್ಧ ಸೌತೆಕಾಯಿ. ಬೆಲ್ಟಿಗೆ ತನ್ನ ದಬ್ಬಳದಿಂದಲೇ ವಾರಕ್ಕೊಂದು ತೂತು ಕೊರೆದುಕೊಂಡ.

"ದಿಂಬಿನ ಹತ್ತಿಯೆಲ್ಲ ಎಲ್ಲಿಗೆ ಹೋಯ್ತಪ್ಪಾ?" ಎಂದು ಜೊತೆಯವರು ಕಾಡಿದರೆ, "ಸಾಹುಕಾರರ ಸೀಟಿಗೆ ತುಂಬಿದೀನಿ," ಎನ್ನುತ್ತಿದ್ದ.

ಗಡುವಿನ ದಿನ ಕಾರಿನೊಳಗೆ ಕೂರಿಸಿದ್ದ ಸೀಟಿನ ಅಚ್ಚಿನಲ್ಲಿ ಕೂತ. ಒಂದು ಕೂದಲೆಳೆ ತೂರುವಷ್ಟೂ ಸಂದಿಲ್ಲ. ಸಾಹುಕಾರರ ಕಡೆಯವನು ತಟ್ಟಿ ನೋಡಿ ಸಹಿ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನೆಲಕ್ಕಂಟಿದ ಆ ಕಾರಿನಿಂದ ದಿಂಬುವನ್ನು ಎಬ್ಬಿಸಲು ಇಬ್ಬರು ಬೇಕಾದರು.

ಕಾಯಂ ಕಾಗದಕ್ಕೆ ಮುಂಚೆ ಕಂಪನಿ ಡಾಕ್ಟರು ಮೈ ನೋಡಬೇಕೆಂಬುದು ನಿಯಮ. ಅವರು ನೋಡಿದರು. ತೂಕ ಸಾಲದು, ರಕ್ತ ಸಾಲದು, ಕೈ ನಡುಗುತ್ತದೆ. ಸೂಜಿ ಕೆಲಸಕ್ಕೆ ಅನರ್ಹ ಎಂದು ಬರೆದರು.

"ಒಂದು ತಿಂಗಳು ಕೊಡಿ ಸಾರ್, ತಿಂದ್ಕೊಂಡು ಬರ್ತೀನಿ," ಎಂದ ದಿಂಬು.

ಮ್ಯಾನೇಜರ್ ನಿಜಕ್ಕೂ ಮರುಗಿದ. "ನಿಯಮ ಕಣಪ್ಪಾ, ನಾನೇನ್ಮಾಡ್ಲಿ? ನಡುಗೋ ಕೈಗೆ ಇಷ್ಟು ದುಬಾರಿ ತೊಗಲು ಹೆಂಗೆ ಕೊಡ್ಲಿ? ಇನ್ನು ದಿನಗೂಲಿಗೂ ನಿನ್ನ ಇಟ್ಕೊಳಕ್ಕಾಗಲ್ಲ. ನೀನೂ ಸ್ವಲ್ಪ ಮೈ ನೋಡ್ಕೋಬೇಕಿತ್ತು."

ಮಾರನೆಯ ದಿನ ದಿಂಬುವಿನ ಸ್ಟೂಲಿನ ಮೇಲೆ ಬೇರೊಬ್ಬ ಕೂತಿದ್ದ. ಆ ಸ್ಟೂಲಿಗೆ ಯಾರ ಅಳತೆಯೂ ಬೇಕಿರಲಿಲ್ಲ.